ತನ್ನ ಪಾಟಿ ತಾನೇ ತಿದ್ದುವ ಮಗು

ಪಾಠ ಮುಗಿಯುವ ಹೊತ್ತಿಗೆ ಮಾಸ್ತರರು ಕೈಗೆ ಮೆತ್ತಿದ ಚಾಕ್‌ಪೀಸಿನ ಪುಡಿ ಕೊಡವಿಕೊಳ್ಳುತ್ತ ವರ್ಗದ ಕಡೆ ತಿರುಗುತ್ತಾರೆ. ‘ತಿಳೀತೇನ್ರೋ ಎಲ್ಲಾರಿಗೂ?’ ಇಡೀ ವರ್ಗ ಒಂದೇ ರಾಗದಲ್ಲಿ ಉತ್ತರಿಸುತ್ತದೆ: ‘ತಿಳೀತ್ರೀ ಸರ!’ ಹಳೇ ಹುಬ್ಬಳ್ಳಿಯ ಓಣಿಯ ಶಾಲೆಯಿರಲಿ, ಧಾರವಾಡದ ಮಾಳಮಡ್ಡಿಯ ಶಾಲೆಯಿರಲಿ, ನವಲಗುಂದದ ಕಡೆಯ ಎರಿಭೂಮಿಯ ಊರಿನ ಎರಡು ಕೋಣೆಯ ಸಾಲಿಯಿರಲಿ, ಈ ಪ್ರಶ್ನೋತ್ತರ ಕೇಳದೆ ಬೆಳೆದವರು ನಮ್ಮಲ್ಲಿ ಯಾರೂ ಇಲ್ಲ. ಲೆಕ್ಕ ಪೂರ್ತಿ ಹೊಳೆದ ಮೊದಲ ಸಾಲಿನ ಹುಡುಗಿಯ ದನಿ ಆ ಕೂಗಿನಲ್ಲಿದೆ. ಮೂರನೆಯ ಹಂತದಲ್ಲೇ ಕೈಬಿಟ್ಟು ಕುಳಿತ ಹಿಂದಿನ ಸಾಲಿನ ಹುಡುಗನ ದನಿಯೂ ಅದರಲ್ಲೇ ಇದೆ. ಎರಡನ್ನೂ ಬೇರ್ಪಡಿಸಿ ಕೇಳುವುದು ಯಾವ ಶಿಕ್ಷಕರಿಂದಲೂ ಆಗದ ಕೆಲಸ.

ಯೋಚಿಸಿ ನೋಡಿದರೆ ಅದೂ ಒಂದು ಮೌಲ್ಯಮಾಪನವೇ. ನಿನಗೆ ತಿಳಿದಿದೆಯೋ ಇಲ್ಲವೋ ನೀನೇ ಹೇಳು ಎಂದು ಮಗುವನ್ನು ದಿನಕ್ಕೆ ಹಲವು ಸಲ ಕೇಳುತ್ತೇವೆ. ಆದರೆ ಒಪ್ಪುವಂಥ ಉತ್ತರ ಒಂದೇ ಎಂಬುದನ್ನು ಒಂದನೇ ವರ್ಗದಲ್ಲೇ ಕಲಿಸಿಬಿಟ್ಟಿರುತ್ತೇವೆ. ‘ತಿಳಿವಲ್ದ್ರೀ’ ಎಂದವನಿಗೆ ‘ಎಲ್ಲಿತ್ತೋ ನಿನ್ನ ಲಕ್ಷ್ಯ?’ ಎಂಬ ಮರುಪ್ರಶ್ನೆ ಕಾದಿರುತ್ತದೆ. ಹಾಗಾಗಿ ಮಗು ತನಗೆ ತಿಳಿಯದ್ದನ್ನು ಮರೆಮಾಡುವುದನ್ನು ಮೊದಲು ಕಲಿಯುತ್ತದೆ. ಇನ್ನೂ ದೊಡ್ಡ ನಷ್ಟವೆಂದರೆ, ಮರೆಮಾಡುತ್ತ ಮಾಡುತ್ತ ತನಗೆ ಏನು ತಿಳಿದಿಲ್ಲ ಎಂಬುದೇ ಅದಕ್ಕೆ ಕಾಣದಂತಾಗುತ್ತದೆ.

ಸ್ವಮೌಲ್ಯಮಾಪನ ಎಂಬ ಮಾತು ಶಿಕ್ಷಕರ ತರಬೇತಿಗಳಲ್ಲಿ ಹೊಸದಲ್ಲ. ಆದರೂ ಅದನ್ನು ಕೇಳಿದೊಡನೆ ಬಹಳಷ್ಟು ಮಂದಿಗೆ ಹೊಳೆಯುವ ಚಿತ್ರ ಒಂದೇ: ಮಗು ತನಗೆ ತಾನೇ ಹತ್ತಕ್ಕೆ ಒಂಬತ್ತು ಅಂಕ ಹಾಕಿಕೊಳ್ಳುವುದು. ಹಾಗೆ ತಿಳಿದುಕೊಂಡರೆ ಅನುಮಾನ ಬರುವುದು ಸಹಜ. ಆ ಅನುಮಾನ ನ್ಯಾಯವಾದದ್ದೂ ಹೌದು. ನಾನು ಹೇಳಹೊರಟಿರುವುದು ಅಂಕದ ಸುದ್ದಿಯೇ ಇಲ್ಲದ ಕೆಲಸದ ಬಗ್ಗೆ. ಮಗು ತಾನು ಮಾಡಿದ್ದನ್ನು ಎದುರಿಗಿಟ್ಟುಕೊಂಡು, ‘ಇಲ್ಲೀತನಕ ಬರ್ತೈತಿ, ಇದರ ಮುಂದ ಹೊಳಿವಲ್ದು’ ಎಂದು ಬೆರಳಿಟ್ಟು ತೋರಿಸಲು ಕಲಿಯುವುದು. ಕಲಿಕೆ ಮುಂದೆ ಸಾಗಲು ಇಷ್ಟು ಉಪಯೋಗವಾಗುವ ಮಾತು ತರಗತಿಯಲ್ಲಿ ಇನ್ನೊಂದಿಲ್ಲ.

ಒಂದು ಲೆಕ್ಕವನ್ನೇ ತೆಗೆದುಕೊಳ್ಳೋಣ. 502ರಲ್ಲಿ 178 ಕಳೆಯಬೇಕು. ದಶಕ ತೆಗೆದುಕೊಂಡು ಕಳೆಯುವುದು ಇನ್ನೂ ಕೈಗೆ ಹತ್ತದ ಮಗು ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದುಬಿಡುತ್ತದೆ. ಎಂಟರಲ್ಲಿ ಎರಡು ಹೋದರೆ ಆರು, ಏಳರಲ್ಲಿ ಸೊನ್ನೆ ಹೋದರೆ ಏಳು, ಐದರಲ್ಲಿ ಒಂದು ಹೋದರೆ ನಾಲ್ಕು. ಉತ್ತರ 476. ಶಿಕ್ಷಕರು ಅದರ ಮೇಲೆ ಕೆಂಪು ಗೀಟು ಎಳೆದು ಪಕ್ಕದಲ್ಲಿ 324 ಎಂದು ಬರೆದುಕೊಟ್ಟರೆ ಮಗುವಿಗೆ ತಿಳಿಯುವುದು ತಪ್ಪಾಯಿತು ಎಂಬ ಒಂದೇ ಸಂಗತಿ. ನಾಳೆ 603ರಲ್ಲಿ 245 ಕಳೆಯುವಾಗ ಅದೇ ತಪ್ಪು ಮರಳುತ್ತದೆ. ಬದಲಿಗೆ ‘ನಿನ್ನ ಉತ್ತರಕ್ಕ ಕಳೆದದ್ದನ್ನ ತಿರುಗಿ ಕೂಡಿಸಿ ನೋಡು’ ಎಂದು ಕಲಿಸಿದ್ದರೆ? 476 ಮತ್ತು 178 ಸೇರಿದರೆ 654. ಹೊರಟದ್ದು 502ರಿಂದ. ಮಗು ತಾನಾಗಿಯೇ ಹುಬ್ಬು ಗಂಟಿಕ್ಕಿ ಪಾಟಿಯ ಕಡೆ ಮತ್ತೆ ನೋಡುತ್ತದೆ. ಯಾರೂ ಬಯ್ದಿಲ್ಲ, ಯಾರೂ ಕೆಂಪು ಗೀಟು ಎಳೆದಿಲ್ಲ. ಐದು ನೂರರಿಂದ ನೂರೆಪ್ಪತ್ತು ಕೊಟ್ಟ ಮೇಲೆ ನಾನೂರಕ್ಕಿಂತ ಹೆಚ್ಚು ಹೇಗೆ ಉಳಿಯಿತು ಎಂಬ ಪ್ರಶ್ನೆ ಅದರೊಳಗೇ ಹುಟ್ಟಿದೆ. ಆ ಗಳಿಗೆಯಲ್ಲಿ ಶಿಕ್ಷಕರು ಹತ್ತಿರ ಹೋಗಿ ಸೊನ್ನೆಯಿರುವ ದಶಕದ ಮನೆಯಿಂದ ಹೇಗೆ ತರುವುದೆಂದು ತೋರಿಸಿದರೆ ಆ ಪಾಠ ಉಳಿಯುತ್ತದೆ, ಏಕೆಂದರೆ ಅದನ್ನು ಮಗು ಕೇಳಿ ಪಡೆದಿದೆ.

ಆಸ್ಟ್ರೇಲಿಯಾದ ಶಿಕ್ಷಣತಜ್ಞ ರಾಯ್ಸ್ ಸ್ಯಾಡ್ಲರ್ 1989ರಲ್ಲಿ ಬರೆದ ಲೇಖನವೊಂದರಲ್ಲಿ ಈ ಗಳಿಗೆಯನ್ನು ಬಿಡಿಸಿ ನೋಡಿದರು. ಕಲಿಯುವವನಿಗೆ ಚೆನ್ನಾದ ಕೆಲಸ ಹೇಗಿರುತ್ತದೆಂದು ಗೊತ್ತಿರಬೇಕು. ತನ್ನ ಕೆಲಸವನ್ನು ಅದರ ಜೊತೆ ಹೋಲಿಸಲು ಬರಬೇಕು. ನಡುವಿನ ಅಂತರ ತುಂಬಲು ಏನು ಮಾಡಬೇಕೆಂದು ತಿಳಿದಿರಬೇಕು. ಮೂರರಲ್ಲಿ ಒಂದಿಲ್ಲದಿದ್ದರೂ ಎಂಥ ಒಳ್ಳೆಯ ಶಿಕ್ಷಕರು ತಿದ್ದಿಕೊಟ್ಟರೂ ಅದು ಮಗುವಿಗೆ ಇಳಿಯುವುದಿಲ್ಲ. ನಮ್ಮ ತರಗತಿಗಳಲ್ಲಿ ಮೊದಲನೆಯದೇ ಇಲ್ಲ. ಒಳ್ಳೆಯ ಪ್ರಬಂಧ ಯಾವುದು, ಏಕೆ ಒಳ್ಳೆಯದು ಎಂಬುದು ಶಿಕ್ಷಕರ ತಲೆಯಲ್ಲಿರುತ್ತದೆ. ಮಗು ಅದನ್ನು ಅಂಕಗಳನ್ನು ನೋಡಿ ಊಹಿಸಬೇಕು.

ಲಂಡನ್ನಿನ ಕಿಂಗ್ಸ್ ಕಾಲೇಜಿನ ಪಾಲ್ ಬ್ಲ್ಯಾಕ್ ಮತ್ತು ಡಿಲನ್ ವಿಲಿಯಂ 1998ರಲ್ಲಿ ಸುಮಾರು 250 ಅಧ್ಯಯನಗಳನ್ನು ಒಟ್ಟಿಗಿಟ್ಟು ಪರಿಶೀಲಿಸಿದರು. ಪಾಠದ ನಡುವೆಯೇ ನಡೆಯುವ ಮೌಲ್ಯಮಾಪನ ಕಲಿಕೆಯನ್ನು ಗಟ್ಟಿಯಾಗಿ ಏರಿಸುತ್ತದೆ, ಅದರ ಲಾಭ ಕಲಿಕೆಯಲ್ಲಿ ಹಿಂದುಳಿದ ಮಕ್ಕಳಿಗೇ ಹೆಚ್ಚು ಎಂಬುದು ಅವರ ತೀರ್ಮಾನ. ಮಗುವಿನ ಸ್ವಮೌಲ್ಯಮಾಪನವನ್ನು ಅವರು ಅಂಥ ಬೋಧನೆಯ ಅಲಂಕಾರವೆಂದು ಎಣಿಸಲಿಲ್ಲ, ಇಲ್ಲದೆ ಆಗದ ಭಾಗವೆಂದೇ ಹೇಳಿದರು. ಅದೇ ವರ್ಷ ಅಮೆರಿಕದಲ್ಲಿ ಬಾರ್ಬರಾ ವೈಟ್ ಮತ್ತು ಜಾನ್ ಫ್ರೆಡರಿಕ್ಸನ್ ವಿಜ್ಞಾನ ತರಗತಿಗಳಲ್ಲಿ ಮಾಡಿದ ಕೆಲಸವೂ ಅದೇ ದಿಕ್ಕನ್ನು ತೋರಿಸಿತು. ಒಂದೇ ಪಾಠ, ಒಂದೇ ಪ್ರಯೋಗ. ಕೆಲವು ತರಗತಿಗಳ ಮಕ್ಕಳು ಪ್ರತಿ ಹಂತದಲ್ಲೂ ನಿಂತು ತಮ್ಮ ಕೆಲಸವನ್ನು ತಾವೇ ತೂಗಿ ನೋಡಿದರು, ಉಳಿದವರು ಹಾಗೆ ಮಾಡಲಿಲ್ಲ. ತೂಗಿ ನೋಡಿದ ಕಡೆ ಕಡಿಮೆ ಅಂಕದ ಮಕ್ಕಳು ಮುಂದಿದ್ದವರ ಹತ್ತಿರ ಹತ್ತಿರಕ್ಕೆ ಬಂದರು.

ಇದಕ್ಕಿಂತ ನಮಗೆ ಹೆಚ್ಚು ಬೇಕಾದದ್ದು 1988ರಲ್ಲಿ ಇಸ್ರೇಲಿನ ರೂತ್ ಬಟ್ಲರ್ ಪ್ರಕಟಿಸಿದ ಅಧ್ಯಯನ. ಕೆಲವು ಮಕ್ಕಳ ಉತ್ತರಕ್ಕೆ ಅಂಕವನ್ನಷ್ಟೇ ಕೊಟ್ಟರು, ಕೆಲವರಿಗೆ ಏನು ಚೆನ್ನಾಗಿದೆ, ಏನು ತಿದ್ದಬೇಕೆಂಬ ಮಾತನ್ನಷ್ಟೇ ಬರೆದುಕೊಟ್ಟರು, ಇನ್ನು ಕೆಲವರಿಗೆ ಎರಡನ್ನೂ. ಮಾತನ್ನಷ್ಟೇ ಪಡೆದ ಮಕ್ಕಳ ಕೆಲಸ ಸುಧಾರಿಸಿತು, ಆಸಕ್ತಿಯೂ ಉಳಿಯಿತು. ಎರಡನ್ನೂ ಪಡೆದವರ ಸ್ಥಿತಿ ಅಂಕವನ್ನಷ್ಟೇ ಪಡೆದವರಂತೆಯೇ ಇತ್ತು. ಅಂಕ ಜೊತೆಗಿದ್ದಾಗ ಮಾತು ಕೆಲಸಕ್ಕೆ ಬರಲಿಲ್ಲ. ಉತ್ತರಪತ್ರಿಕೆ ಕೈಗೆ ಬಂದಾಗ ನಮ್ಮ ಮಕ್ಕಳು ಮಾಡುವುದನ್ನು ನೋಡಿ: ಮೊದಲ ಪುಟದ ಮೂಲೆಯ ಅಂಕಿ ನೋಡುತ್ತಾರೆ, ಪಕ್ಕದವನ ಅಂಕಿ ನೋಡುತ್ತಾರೆ, ಮೊತ್ತ ಕೂಡಿಸಿದ್ದರಲ್ಲಿ ತಪ್ಪಿದೆಯೇ ಎಂದು ಎಣಿಸುತ್ತಾರೆ, ಮಡಚಿ ಇಡುತ್ತಾರೆ. ಯಾವ ಉತ್ತರ ಏಕೆ ಕೆಟ್ಟಿತು ಎಂದು ತಿರುವಿ ನೋಡುವ ಮಗು ಅಪರೂಪ.

ಪರೀಕ್ಷಿಸುವವರು ಹೊರಗಿನಿಂದ ಬರುತ್ತಾರೆ ಎಂಬ ನಂಬಿಕೆ ನಮ್ಮ ಈ ಧಾರವಾಡ ಭಾಗದಲ್ಲಿ ಬಹಳ ಹಳೆಯದು. ಮುಂಬೈ ಪ್ರಾಂತ್ಯದ ಕಾಲದಲ್ಲಿ ಮರಾಠಿಯ ಮೇಲುಗೈಯ ನಡುವೆ ಇಲ್ಲಿ ಕನ್ನಡ ಶಾಲೆಗಳನ್ನು ಕಟ್ಟಿ ನಿಲ್ಲಿಸಿದವರು ಚನ್ನಬಸಪ್ಪನವರು. ಅವರನ್ನು ಜನ ನೆನೆಯುವುದು ಶಾಲಾ ತಪಾಸಣೆಯ ಅವರ ಹುದ್ದೆಯಿಂದಲೇ: ಡೆಪ್ಯುಟಿ ಚನ್ನಬಸಪ್ಪ. ಶಾಲಾ ತಪಾಸಣೆಗೆ ಬರುವ ಸಾಹೇಬರ ಮುಂದೆ ಮಕ್ಕಳು ಪಾಠ ಒಪ್ಪಿಸುವುದು ಊರಿಗೇ ದೊಡ್ಡ ದಿನವಾಗಿತ್ತು. ಮುಂದೆ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಬಂತು. ಅದನ್ನು ಪಾಸು ಮಾಡಿದವರಿಗೆ ಕನ್ನಡ ಶಾಲೆಯ ಮಾಸ್ತರಿಕೆ ಸಿಗುತ್ತಿತ್ತು, ಊರಲ್ಲಿ ಮಾನವೂ ಸಿಗುತ್ತಿತ್ತು. ಆ ಪರೀಕ್ಷೆಗಳು ಹಳ್ಳಿಯ ಬಡ ಮಕ್ಕಳಿಗೆ ಬಾಗಿಲು ತೆರೆದವು. ಅವುಗಳ ಬಗ್ಗೆ ನನಗೆ ಗೌರವವಿದೆ. ಆದರೆ ತೀರ್ಪು ಕೊಡುವ ಕೆಲಸ ಮೇಲಿನವರದ್ದು, ಕಾಯುವ ಕೆಲಸ ಮಗುವಿನದ್ದು ಎಂಬ ರೂಢಿ ಅವುಗಳ ಜೊತೆಗೇ ಬೇರೂರಿತು. ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನದ ತನಕ ತಾನು ಗಣಿತದಲ್ಲಿ ಎಲ್ಲಿ ನಿಂತಿದ್ದೇನೆಂದು ಗೊತ್ತಿಲ್ಲದ ಹುಡುಗ ಆ ರೂಢಿಯ ಕೂಸು. ಫಲಿತಾಂಶ ಸುಧಾರಿಸಲೆಂದು ಧಾರವಾಡ ಜಿಲ್ಲೆಯಲ್ಲಿ ‘ಮಿಷನ್ ವಿದ್ಯಾಕಾಶಿ’ ನಡೆಯುತ್ತಿದೆ. ಸರಣಿ ಪರೀಕ್ಷೆ, ವಿಶೇಷ ತರಗತಿ, ಮನೆಭೇಟಿ ಇವೆಲ್ಲ ಬೇಕಾದವೇ. ಹತ್ತನೇ ವರ್ಗಕ್ಕೆ ಬಂದ ಮೇಲೆ ಮಾಡುವ ಈ ಓಡಾಟದ ಅರ್ಧದಷ್ಟನ್ನು ನಾಲ್ಕನೇ ವರ್ಗದಲ್ಲಿ ಮಾಡಿದ್ದರೆ ಎಂಬ ಯೋಚನೆ ಮಾತ್ರ ಬಿಡುವುದಿಲ್ಲ.

ಏಣಿ ಮೂರು ಮೆಟ್ಟಿಲಿಗೇ ನಿಂತಿತು

ನಾಲ್ಕನೇ ವರ್ಗ ಎಂದು ಹೇಳಿದ್ದಕ್ಕೆ ಕಾರಣವಿದೆ. ಅಲ್ಲಿಯ ತನಕ ನಮ್ಮ ಸರ್ಕಾರಿ ಶಾಲೆಯ ಮಗುವಿನ ಕೈಯಲ್ಲಿ ನಲಿ-ಕಲಿ ಎಂಬ ಕಲಿಕಾ ಪದ್ಧತಿಯ ಏಣಿಯೊಂದು ಇರುತ್ತದೆ.

ನಲಿ-ಕಲಿ ಶುರುವಾದದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಯಲ್ಲಿ ರಾಮಾ ಮತ್ತು ಪದ್ಮನಾಭ ರಾವ್ ದಂಪತಿ ಹಳ್ಳಿ ಶಾಲೆಗಳಿಗಾಗಿ ಕಟ್ಟಿದ ಪದ್ಧತಿಯನ್ನು ಕಂಡು ಬಂದ ನಮ್ಮ ಸರ್ಕಾರಿ ಶಿಕ್ಷಕರೇ ಅದನ್ನು ಕನ್ನಡಕ್ಕೆ ಒಗ್ಗಿಸಿದರು. ಯುನಿಸೆಫ್ ನೆರವಾಯಿತು. 2009-10ರಿಂದ ಇಡೀ ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಿಗೆ ಹರಡಿತು. ಮೇಲಿನಿಂದ ಇಳಿದ ಆದೇಶದಿಂದಲ್ಲದೆ ಶಿಕ್ಷಕರ ಕೈಯಿಂದ ಹುಟ್ಟಿದ ಸುಧಾರಣೆ ಅದು. ಕರ್ನಾಟಕದ ಶಿಕ್ಷಣದ ಇತಿಹಾಸದಲ್ಲಿ ಅಂಥವು ಬಹಳವಿಲ್ಲ.

ಆ ತರಗತಿಯೊಳಗೆ ಕಾಲಿಟ್ಟರೆ ಕಾಣುವುದು ಕಲಿಕಾ ಏಣಿ. ಭಾಷೆ, ಗಣಿತ, ಪರಿಸರ ಅಧ್ಯಯನವನ್ನು ಮೈಲಿಗಲ್ಲುಗಳಾಗಿ, ಮೈಲಿಗಲ್ಲನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದಿರುತ್ತಾರೆ. ಒಂದೊಂದು ಮೆಟ್ಟಿಲಿಗೂ ಒಂದು ಕಾರ್ಡು, ಕಾರ್ಡಿನ ಮೇಲೊಂದು ಚಿತ್ರ. ಓದು ಬಾರದ ಮಗುವೂ ಚಿತ್ರ ನೋಡಿ ತಾನು ಏಣಿಯ ಎಷ್ಟನೇ ಮೆಟ್ಟಿಲಲ್ಲಿದ್ದೇನೆಂದು ಹೇಳಬಲ್ಲದು. ತನ್ನ ಮುಂದಿನ ಕಾರ್ಡನ್ನು ತಾನೇ ಹುಡುಕಿ ತರಬಲ್ಲದು. ಕೂರುವುದು ಗುಂಪಿನಲ್ಲಿ, ಆ ಗುಂಪುಗಳಿಗೆ ತಟ್ಟೆ ಎನ್ನುತ್ತಾರೆ. ಶಿಕ್ಷಕರ ಪೂರ್ತಿ ಸಹಾಯ ಬೇಕಾದವರದ್ದು ಒಂದು ತಟ್ಟೆ, ಅರ್ಧ ಸಹಾಯ ಸಾಕಾದವರದ್ದು ಇನ್ನೊಂದು, ಗೆಳೆಯರ ನೆರವಿನಿಂದ ಕಲಿಯುವವರ ತಟ್ಟೆಗಳು ಬೇರೆ, ಕೊನೆಯದು ಸ್ವಕಲಿಕೆಯ ತಟ್ಟೆ. ಒಂದೇ ಮಗು ಬೆಳಿಗ್ಗೆ ಗಣಿತಕ್ಕೆ ಮೊದಲ ತಟ್ಟೆಯಲ್ಲೂ ಮಧ್ಯಾಹ್ನ ಕನ್ನಡಕ್ಕೆ ಸ್ವಕಲಿಕೆಯ ತಟ್ಟೆಯಲ್ಲೂ ಕುಳಿತಿರಬಹುದು. ಅದರಲ್ಲಿ ನಾಚಿಕೆಯಿಲ್ಲ. ನನಗೆ ಇಷ್ಟು ಸಹಾಯ ಬೇಕು ಎಂದು ಎಲ್ಲರೆದುರು ಹೇಳುವುದು ಅಲ್ಲಿ ಕೂರುವ ಜಾಗದಷ್ಟೇ ಸಹಜ. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಎತ್ತರಕ್ಕೆ ಬರೆದುಕೊಳ್ಳಲು ಕಪ್ಪು ಹಲಗೆ, ತಲೆಯ ಮೇಲೆ ದಾರಕ್ಕೆ ಮಕ್ಕಳ ಕೆಲಸ ತೂಗುಹಾಕುವ ಚಪ್ಪರ. ಆರು ವರ್ಷದ ಮಗು ಕಳೆದ ತಿಂಗಳ ತನ್ನ ಚಿತ್ರವನ್ನೂ ಈ ತಿಂಗಳ ಚಿತ್ರವನ್ನೂ ಒಟ್ಟಿಗೆ ನೋಡಬಲ್ಲ ಶಾಲೆ ನಮ್ಮ ಸರ್ಕಾರಿ ವ್ಯವಸ್ಥೆಯಲ್ಲಿದೆ ಎಂಬುದನ್ನು ನಾವು ಹೆಮ್ಮೆಯಿಂದ ಹೇಳಿಕೊಂಡದ್ದೇ ಕಡಿಮೆ.

ಎಲ್ಲ ಕಡೆ ಇದು ಹೀಗೇ ನಡೆದಿದೆ ಎನ್ನಲಾರೆ. ಕಾರ್ಡುಗಳು ಹರಿದು ಹೋದ ಶಾಲೆಗಳಿವೆ, ಮಗು ತರಬೇಕಾದ ಕಾರ್ಡನ್ನು ಶಿಕ್ಷಕರೇ ಹಂಚುವ ತರಗತಿಗಳಿವೆ, ಏಣಿ ಗೋಡೆಯ ಅಲಂಕಾರವಾದ ಕಡೆಗಳೂ ಇವೆ. ಅದು ‘ಆಟ ಆಡಿಸೋ ಸಾಲಿ’ಯಾಗಿ ಕಂಡದ್ದರಿಂದ ಅನೇಕ ಪಾಲಕರು ಇಂಗ್ಲಿಷ್ ಮಾಧ್ಯಮದ ದಾರಿ ಹಿಡಿದರು. ಇಷ್ಟಾದರೂ ಅದರ ತಿರುಳು ಗಟ್ಟಿ. ಮೂರನೇ ವರ್ಗ ಮುಗಿಸಿ ನಾಲ್ಕಕ್ಕೆ ಬಂದ ಮಗುವಿನ ಕೈಯಿಂದ ಆ ಏಣಿಯನ್ನು ಕಸಿದುಕೊಂಡು ಪಠ್ಯಪುಸ್ತಕ ಮತ್ತು ಘಟಕ ಪರೀಕ್ಷೆ ಕೊಡುತ್ತೇವೆ. ತನ್ನ ಮೆಟ್ಟಿಲನ್ನು ತಾನೇ ತೋರಿಸುತ್ತಿದ್ದ ಮಗು ‘ತಿಳೀತ್ರೀ ಸರ’ ಎಂದು ಕೂಗಲು ಕಲಿಯುವುದು ಅಲ್ಲಿಂದ. ಇದು ನಮ್ಮ ಶಾಲಾ ವ್ಯವಸ್ಥೆ ಮಾಡಿದ ದೊಡ್ಡ ತಪ್ಪುಗಳಲ್ಲಿ ಒಂದು ಎಂದು ನಾನು ನಂಬುತ್ತೇನೆ.

ಪರೀಕ್ಷೆಯಿಂದಷ್ಟೇ ಮಗುವನ್ನು ಅಳೆಯುವ ರೂಢಿಯನ್ನು ಸರಿಪಡಿಸಲು ಬಂದದ್ದೇ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ, ಶಿಕ್ಷಕರ ಮಾತಿನಲ್ಲಿ ಸಿಸಿಇ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮಕ್ಕಳ ಸ್ವಮೌಲ್ಯಮಾಪನವನ್ನು ಹೆಸರಿಸಿಯೇ ಹೇಳಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆ ಸಿಸಿಇಗೆ ಕಾನೂನಿನ ಬಲ ಕೊಟ್ಟಿತು. ಆದರೆ ತರಗತಿಗೆ ಇಳಿಯುವಾಗ ಅದು ನಾಲ್ಕು ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ), ಎರಡು ಎಸ್‌ಎ (ಸಂಕಲನಾತ್ಮಕ ಮೌಲ್ಯಮಾಪನ) ಆಗಿ, ತಾಳೆಪಟ್ಟಿ, ಕೃತಿಸಂಪುಟ, ಅಂಕವಹಿಗಳ ದೊಡ್ಡ ಕಟ್ಟಾಯಿತು. ಮಗುವಿಗಾಗಿ ಮಾಡಿದ ತಾಳೆಪಟ್ಟಿಯನ್ನು ಮಗು ಒಮ್ಮೆಯೂ ನೋಡಲಿಲ್ಲ. ಶಿಕ್ಷಕರು ತುಂಬಿದರು, ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು (ಸಿಆರ್‌ಪಿ) ನೋಡಿ ಸಹಿ ಹಾಕಿದರು. ಕೃತಿಸಂಪುಟ ಬೀರುವಿನಲ್ಲಿ ಧೂಳು ತಿಂದಿತು. ಶಿಕ್ಷಕರನ್ನು ದೂರಿ ಫಲವಿಲ್ಲ. ತಪಾಸಣೆಗೆ ಬಂದವರು ದಾಖಲೆ ಕೇಳಿದರೆ ದಾಖಲೆಯೇ ಕೆಲಸವಾಗುತ್ತದೆ.

ಹಾಗಾದರೆ ನಾಲ್ಕರಿಂದ ಹತ್ತರ ತನಕ ಇದನ್ನು ಹೇಗೆ ಮಾಡುವುದು? ಧಾರವಾಡ ಸೀಮೆಯ ಹೆಣ್ಣುಮಕ್ಕಳ ಕಸೂತಿ ಒಂದು ದಾರಿ ತೋರಿಸುತ್ತದೆ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳದೆ ಎಳೆ ಎಣಿಸಿಯೇ ಗೋಪುರ, ತೇರು, ನವಿಲು ಹೊಲಿಯುತ್ತಾರೆ. ಗವಂತಿ ಹೊಲಿಗೆಯಲ್ಲಿ ಸೂಜಿ ಹೋದ ದಾರಿಯಲ್ಲೇ ತಿರುಗಿ ಬಂದು ಬಿಟ್ಟ ಜಾಗವನ್ನು ತುಂಬಬೇಕು. ಗಂಟು ಕಾಣಬಾರದು, ಮುಂದೂ ಹಿಂದೂ ಒಂದೇ ಆಗಿರಬೇಕು. ಎಳೆಯ ಎಣಿಕೆ ಒಂದು ತಪ್ಪಿದರೆ ತಿರುಗಿ ಬರುವಾಗ ದಾರ ದಾರಿ ಸೇರುವುದಿಲ್ಲ. ಕಲಿಯುವ ಹುಡುಗಿ ಬಟ್ಟೆ ಮಗುಚಿ ನೋಡಿ, ತಾನೇ ಬಿಚ್ಚಿ, ತಾನೇ ಮತ್ತೆ ಹಾಕುತ್ತಾಳೆ. ಅಜ್ಜಿ ಪಕ್ಕದಲ್ಲಿದ್ದಾಳೆ, ಆದರೆ ತಪ್ಪು ಹಿಡಿಯುವವಳು ಅಜ್ಜಿಯಲ್ಲ. ಪಾಠದಲ್ಲೂ ಹೀಗೆ ಮಗುಚಿ ನೋಡುವ ಅವಕಾಶವನ್ನು ಮೊದಲೇ ಹೆಣೆದಿರಬೇಕು. ಕಳೆಯುವ ಲೆಕ್ಕಕ್ಕೆ ಕೂಡಿಸಿ ನೋಡುವುದು, ಭಾಗಾಕಾರಕ್ಕೆ ಗುಣಿಸಿ ನೋಡುವುದು. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸು ಹೋಗಲು ಬೇಕಾದ ಸಮಯ ಕೇಳಿದಾಗ ಆರು ತಾಸು ಎಂದು ಉತ್ತರ ಬಂದರೆ, ದಿನಾ ಆ ಬಸ್ಸು ಹತ್ತುವ ಮಗುವಿಗೆ ಯಾರೂ ಹೇಳದೆಯೇ ಅನುಮಾನ ಬರಬೇಕು.

ಬರವಣಿಗೆಗೆ ಇದು ಇನ್ನೂ ಚೆನ್ನಾಗಿ ಒಗ್ಗುತ್ತದೆ. ಊರಿನ ಜಾತ್ರೆಯ ಬಗ್ಗೆ ಐದನೇ ವರ್ಗದ ಮಕ್ಕಳು ಬರೆಯಬೇಕೆಂದುಕೊಳ್ಳಿ. ಹಿಂದಿನ ವರ್ಷದ ಮಕ್ಕಳ ಎರಡು ಬರಹಗಳನ್ನು ಹೆಸರು ತೆಗೆದು ಓದಿಸಿ, ಯಾವುದು ಚಲೋ ಐತಿ, ಯಾಕ ಎಂದು ಕೇಳಬೇಕು. ಮಕ್ಕಳು ಹೇಳುತ್ತಾರೆ: ‘ಇದರಾಗ ತೇರಿನ ಸಪ್ಪಳ ಕೇಳಿಸ್ತೈತ್ರಿ’, ‘ಅದರಾಗ ಬರೀ ದೊಡ್ಡ ಜಾತ್ರಿ, ದೊಡ್ಡ ಜಾತ್ರಿ ಅಂತನ ಬರದಾನ್ರಿ’. ಅವರ ಮಾತುಗಳನ್ನೇ ಹಲಗೆಯ ಮೇಲೆ ನಾಲ್ಕು ಸಾಲಾಗಿ ಬರೆದರೆ ಅದೇ ಮಾನದಂಡ. ತರಬೇತಿಯಲ್ಲಿ ಹೇಳುವ ರೂಬ್ರಿಕ್ಸ್ ಇದಕ್ಕಿಂತ ಬೇರೆಯಲ್ಲ. ಬರೆದ ಮೇಲೆ ಮಗು ಆ ನಾಲ್ಕು ಸಾಲು ಹಿಡಿದು ತನ್ನದನ್ನು ತಾನೇ ಓದುತ್ತದೆ, ಒಂದು ಕಡೆ ತಿದ್ದುತ್ತದೆ, ಆಮೇಲೆ ಶಿಕ್ಷಕರಿಗೆ ಕೊಡುತ್ತದೆ. ಒತ್ತಕ್ಷರ, ಮಹಾಪ್ರಾಣದ ತಪ್ಪುಗಳೂ ಕಣ್ಣಿಗೆ ಬೀಳುತ್ತವೆ. ಒಂದು ಎಚ್ಚರ ಮಾತ್ರ ಬೇಕು. ತನ್ನ ಕೆಲಸದ ಬಗ್ಗೆ ಮಗು ಮಾತಾಡುವಾಗ ಅದರ ಮನೆಯ ಮಾತಿಗೆ ತಡೆ ಬೀಳಬಾರದು. ಗ್ರಂಥದ ಕನ್ನಡದಲ್ಲೇ ಹೇಳು ಎಂದರೆ ಹಳ್ಳಿಯ ಮಗು ಬಾಯಿ ಮುಚ್ಚುತ್ತದೆ. ಉರ್ದು, ಮರಾಠಿ, ಲಂಬಾಣಿ ಮನೆಮಾತಿನ ಮಗು ಅದಕ್ಕೂ ಮೊದಲೇ ಮುಚ್ಚುತ್ತದೆ.

ಧಾರವಾಡದ ಸಪ್ತಾಪುರದಲ್ಲಿ ಕೆಎಎಸ್, ಪಿಎಸ್‌ಐ ಪರೀಕ್ಷೆಗಳಿಗೆ ಓದುವ ಸಾವಿರಾರು ತರುಣರಿದ್ದಾರೆ. ಅವರು ಅಣಕು ಪರೀಕ್ಷೆ ಬರೆದು ಕೀ ಉತ್ತರ ಹಿಡಿದು ತಾಳೆ ನೋಡುತ್ತಾರೆ. ಬಹಳಷ್ಟು ಮಂದಿ ಅಂಕ ಎಣಿಸಿ ಮುಂದಿನ ಪರೀಕ್ಷೆಗೆ ಹೋಗುತ್ತಾರೆ. ಕೆಲವರಷ್ಟೇ ತಪ್ಪುಗಳಿಗೆಂದೇ ಒಂದು ವಹಿ ಇಟ್ಟು, ಇದು ಗೊತ್ತಿಲ್ಲದೆ ಹೋದದ್ದು, ಇದು ಗೊತ್ತಿದ್ದೂ ಅವಸರದಲ್ಲಿ ಹೋದದ್ದು ಎಂದು ಬೇರ್ಪಡಿಸುತ್ತಾರೆ. ಇಪ್ಪತ್ತೈದನೇ ವಯಸ್ಸಿಗೆ ಒಬ್ಬಂಟಿಯಾಗಿ, ಬಾಡಿಗೆ ಕೋಣೆಯಲ್ಲಿ ಕಲಿತುಕೊಳ್ಳುವ ಈ ಅಭ್ಯಾಸವನ್ನು ಹತ್ತನೇ ವಯಸ್ಸಿಗೆ ಶಾಲೆಯೇ ಕೊಡಬಹುದಿತ್ತು.

ಆಕ್ಷೇಪಗಳಿವೆ. ಮಕ್ಕಳು ಸುಳ್ಳು ಹೇಳುವುದಿಲ್ಲವೇ ಎಂಬುದು ಮೊದಲನೆಯದು. ಅಂಕಕ್ಕೆ ಸೇರುವುದಾದರೆ ಖಂಡಿತ ಹೇಳುತ್ತಾರೆ, ದೊಡ್ಡವರೂ ಹೇಳುತ್ತಾರೆ. ಸೇರದಿದ್ದರೆ ಸುಳ್ಳಿಗೆ ಕಾರಣವೇ ಇಲ್ಲ. ಎರಡನೆಯದು ಇನ್ನೂ ಗಟ್ಟಿ: ಬಾರದವನಿಗೆ ತನಗೆ ಬಾರದೆಂಬುದೇ ತಿಳಿಯದಲ್ಲ? 1999ರಲ್ಲಿ ಡನ್ನಿಂಗ್ ಮತ್ತು ಕ್ರೂಗರ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞರು ತೋರಿಸಿದ್ದೂ ಇದನ್ನೇ. ತೀರ ಹಿಂದಿದ್ದವರು ತಾವು ಸರಾಸರಿಗಿಂತ ಮೇಲಿದ್ದೇವೆ ಎಂದೇ ಎಣಿಸಿದ್ದರು. ಆದರೆ ಅದೇ ಅಧ್ಯಯನದಲ್ಲಿ, ವಿಷಯದಲ್ಲಿ ತರಬೇತಿ ಪಡೆದವರ ಅಂದಾಜು ನಿಜಕ್ಕೆ ಹತ್ತಿರವಾಯಿತು ಎಂಬ ಭಾಗವೂ ಇದೆ. ಅದನ್ನು ಜನ ನೆನೆಯುವುದಿಲ್ಲ. ತನ್ನನ್ನು ತೂಗುವುದೂ ಕಲಿಯಬೇಕಾದ, ಕಲಿಸಬೇಕಾದ ವಿದ್ಯೆ. ಶಿಕ್ಷಕರ ಕಣ್ಣು ಪಕ್ಕದಲ್ಲಿರಲೇಬೇಕು. ತಿದ್ದುವ ಕೆಲಸವನ್ನು ಮಕ್ಕಳಿಗೆ ವಹಿಸಿ ಶಿಕ್ಷಕರು ಹೊರೆ ಇಳಿಸಿಕೊಳ್ಳುವ ಉಪಾಯವಾಗಿ ಇದನ್ನು ಬಳಸಿದರೆ ಬಡ ಮಕ್ಕಳಿಗೇ ಮೋಸವಾಗುತ್ತದೆ. ದೊಡ್ಡ ವರ್ಗದಲ್ಲಿ ಹೇಗೆ ಎಂಬ ಪ್ರಶ್ನೆಗೆ ನನ್ನ ಉತ್ತರ: ದೊಡ್ಡ ವರ್ಗದಲ್ಲೇ ಇದು ಹೆಚ್ಚು ಬೇಕು. ಮನೆಗೆ ಹೋಗುವ ಮುನ್ನ ಪ್ರತಿ ಮಗು ಒಂದು ತುಂಡು ಕಾಗದದಲ್ಲಿ ಎಲ್ಲಿ ಸಿಕ್ಕಿಹಾಕಿಕೊಂಡೆ ಎಂದು ಒಂದು ಸಾಲು ಬರೆದಿಟ್ಟರೆ, ಮಾರನೇ ದಿನದ ಮೊದಲ ಹತ್ತು ನಿಮಿಷ ಯಾರ ಬಳಿ ಹೋಗಬೇಕೆಂದು ಶಿಕ್ಷಕರಿಗೆ ತಿಳಿದಿರುತ್ತದೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರಗತಿಪತ್ರದಲ್ಲಿ ಮಗುವಿನ ಸ್ವಮೌಲ್ಯಮಾಪನವೂ ಸಹಪಾಠಿಗಳ ಮೌಲ್ಯಮಾಪನವೂ ಇರಬೇಕೆಂದಿತು. ಕರ್ನಾಟಕ ತನ್ನದೇ ನೀತಿಗಾಗಿ 2023ರಲ್ಲಿ ಸುಖದೇವ್ ಥೋರಟ್ ಅಧ್ಯಕ್ಷತೆಯ ಆಯೋಗ ರಚಿಸಿತು. ನೀತಿ ಯಾವುದೇ ಇರಲಿ, ನನ್ನ ಆತಂಕ ಒಂದೇ. ಸ್ವಮೌಲ್ಯಮಾಪನ ಇನ್ನೊಂದು ನಮೂನೆಯಾಗಿ, ಇನ್ನೊಂದು ಕಾಲಮ್ಮಾಗಿ ಮಕ್ಕಳ ದಾಖಲೆಯ ಎಸ್‌ಎಟಿಎಸ್ ಕಂಪ್ಯೂಟರ್ ವ್ಯವಸ್ಥೆಗೆ ತುಂಬುವ ಕೆಲಸವಾದ ದಿನ ಅದು ಸತ್ತಂತೆ.

ಇಲಾಖೆಗೆ ನನ್ನ ವಿನಂತಿ: ನಾಲ್ಕನೇ ವರ್ಗದಿಂದ ಮುಂದಿನ ಪಠ್ಯಪುಸ್ತಕಗಳಲ್ಲಿ ಪ್ರತಿ ಪಾಠದ ಕೊನೆಗೆ ಮಗು ತನಗಾಗಿ ತುಂಬಿಕೊಳ್ಳುವ ಅರ್ಧ ಪುಟ ಬಿಡಿ, ಅದನ್ನು ಯಾರೂ ತಪಾಸಣೆ ಮಾಡುವಂತಿಲ್ಲ ಎಂದು ಸುತ್ತೋಲೆಯಲ್ಲೇ ಬರೆಯಿರಿ. ಪಾಲಕರಲ್ಲಿ ವಿನಂತಿ: ‘ಸಮುದಾಯದತ್ತ ಶಾಲೆ’ಯ ದಿನ ಅಂಕಪಟ್ಟಿಗೆ ಸಹಿ ಹಾಕಿ ಹೊರಡಬೇಡಿ, ನಿಮ್ಮ ಮಗು ತನ್ನ ವಹಿ ತೆರೆದು, ಇದು ಬರ್ತೈತಿ, ಇದು ಬರಂಗಿಲ್ಲ ಎಂದು ತೋರಿಸುವ ತನಕ ಪಕ್ಕದಲ್ಲಿ ಕೂಡಿರಿ. ಶಿಕ್ಷಕರಲ್ಲಿ ಕೇಳುವುದು ಇಷ್ಟು: ನಿಮ್ಮಲ್ಲಿ ಹಲವರು ಯಾರ ಆದೇಶವೂ ಇಲ್ಲದೆ ಇದನ್ನು ಆಗಲೇ ಮಾಡುತ್ತಿದ್ದೀರಿ. 1865ರಲ್ಲಿ ‘ಮಠಪತ್ರಿಕೆ’ಯಾಗಿ ಹುಟ್ಟಿ ಮುಂದೆ ‘ಜೀವನ ಶಿಕ್ಷಣ’ವಾದ ಶಿಕ್ಷಕರ ಮಾಸಪತ್ರಿಕೆ ಧಾರವಾಡದ್ದೇ. ನಿಮ್ಮ ವರ್ಗದಲ್ಲಿ ಯಾವುದು ಫಲಿಸಿತು, ಯಾವುದು ಫಲಿಸಲಿಲ್ಲ ಎಂಬುದನ್ನು ಅದಕ್ಕೆ ಬರೆದು ಕಳಿಸಿ. ಪಕ್ಕದ ಊರಿನ ಮಾಸ್ತರರು, ಅಕ್ಕೋರು ಓದಲಿ.